ನಕಲು ಬೇರೆ, ನಕಲಿ ಬೇರೆ: ಹಳೇ ವಸ್ತುವನ್ನು ನೋಡುವ ಬಗೆ

ನಾನು 22 ವರ್ಷ ಒಂದು ಮ್ಯೂಸಿಯಂನ ಅಚ್ಚಿನ ಕೋಣೆಯಲ್ಲಿ ಕೆಲಸ ಮಾಡಿದೆ. ಮೂಲ ವಸ್ತುವಿಗೆ ರಬ್ಬರ್ ಬಳಿದು ಅಚ್ಚು ತೆಗೆಯುವುದು, ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಒಣಗಿದ ಮೇಲೆ ಕಲ್ಲಿನ ಬಣ್ಣ ಬರಿಸುವುದು, ಇದೇ ನನ್ನ ಕೆಲಸ. ಒಮ್ಮೆ ಕಲ್ಲಿನ ಕೈಯೊಂದರ ಪ್ರತಿಕೃತಿ ಮಾಡಿದ್ದೆ. ಜನ ಮುಟ್ಟಲಿ ಅಂತಲೇ ಮಾಡಿದ್ದು. ಒಬ್ಬ ಹುಡುಗ ಅದರ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಉಗುರಿನ ಅಂಚನ್ನು ಸವರುತ್ತಾ ನಿಂತಿದ್ದ. ಅವನ ತಾಯಿ ಲೇಬಲ್ ಓದಿ, "ಬಾರೋ, ಅದು ಡೂಪ್ಲಿಕೇಟು" ಅಂತ ಎಳೆದುಕೊಂಡು ಹೋದರು. ಆ ಹುಡುಗ ಎರಡು ಸಲ ತಿರುಗಿ ನೋಡಿದ.

ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಲ್ಲಿ ತಳ್ಳಿಹಾಕುತ್ತೇವೆ. ಬರೆಯುವಾಗಲೂ ಅವೆರಡಕ್ಕೂ ಇರುವುದು ಒಂದು ಗುಣಿತದ ವ್ಯತ್ಯಾಸ ಅಷ್ಟೇ. ಲಕಾರದ ಕೊಂಬು ತೆಗೆದು ಗುಡಿಸು ಹಾಕಿದರೆ ನಕಲು ಹೋಗಿ ನಕಲಿ ಆಗುತ್ತದೆ. ನಕಲು ತಾನು ನಕಲು ಅಂತ ಹೇಳಿಕೊಳ್ಳುತ್ತದೆ. ನಕಲಿ ಹೇಳಿಕೊಳ್ಳುವುದಿಲ್ಲ. ಒಂದೇ ಪ್ಲಾಸ್ಟರಿನ ಕೈ ಲೇಬಲ್ ಇದ್ದಾಗ ಪಾಠ ಹೇಳುತ್ತದೆ, ಲೇಬಲ್ ಕಿತ್ತರೆ ಮೋಸ ಆಗುತ್ತದೆ. ಹಾಗಾಗಿ ಹಳೇ ವಸ್ತುವಿನ ಮುಂದೆ ನಿಂತಾಗ ಮೊದಲ ಪ್ರಶ್ನೆ "ಇದು ಅಸಲಿಯಾ?" ಅಂತ ಆಗಬಾರದು. "ಇದು ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತಿದೆ?" ಅಂತ ಕೇಳಿ. ಆಮೇಲೆ ಆ ಮಾತಿಗೂ ವಸ್ತುವಿನ ಮೈಗೂ ತಾಳೆ ಆಗುತ್ತದಾ ನೋಡಿ. ನೋಡುವುದು ಹೇಗೆ ಅಂತ ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಬುಡದಿಂದ ಶುರು ಮಾಡಿ

ನಾನೇ ಮೋಸ ಹೋದ ಒಂದು ಪೆಟ್ಟಿಗೆಯಿಂದ ಶುರು ಮಾಡುತ್ತೇನೆ. ಮೂರು ಡ್ರಾಯರ್‌ಗಳ ಸಣ್ಣ ಮರದ ಪೆಟ್ಟಿಗೆ. ಮಾರಿದವರು 200 ವರ್ಷ ಹಳೆಯದು ಅಂದರು. ಮೇಲುಗಡೆ ಹುಳ ಕೊರೆದ ಗುರುತು, ಮೂಲೆಗಳಲ್ಲಿ ಸವೆತ, ಕಪ್ಪಗಾದ ಹಿಡಿಕೆ. ಕಣ್ಣಿಗೆ ಕಂಡಿದ್ದನ್ನೆಲ್ಲ ನಂಬಿ ತಂದುಬಿಟ್ಟೆ. ಮನೆಗೆ ಬಂದು ತಲೆಕೆಳಗು ಮಾಡಿದಾಗ ಗೊತ್ತಾಯಿತು.

ಬುಡದ ಹಲಗೆ ಪೂರ್ತಿ ಒಂದೇ ಕಂದು ಬಣ್ಣ. ಹಳೇ ಮರ ಹಾಗೆ ಇರುವುದಿಲ್ಲ. ಗಾಳಿ ಆಡುವ ಕಡೆ ಕಪ್ಪಾಗುತ್ತದೆ, ಮುಚ್ಚಿಕೊಂಡ ಕಡೆ ತಿಳಿಯಾಗಿಯೇ ಉಳಿಯುತ್ತದೆ. ಡ್ರಾಯರ್ ಹೊರಗೆಳೆದು ನೋಡಿದರೆ ಒಳಗಿನ ಮರಕ್ಕೂ ಅದೇ ಬಣ್ಣ ಬಳಿದಿದ್ದರು. ಮುಚ್ಚಿಕೊಂಡೇ ಇರುವ ಜಾಗಕ್ಕೆ ಯಾವ ಬಡಗಿಯೂ ಸುಮ್ನೆ ಬಣ್ಣ ಬಳಿಯುವುದಿಲ್ಲ. ಬಳಿದಿದ್ದಾರೆ ಅಂದರೆ ಏನೋ ಮುಚ್ಚಬೇಕಿತ್ತು ಅಂತ ಅರ್ಥ.

ಆಮೇಲೆ ಹುಳದ ಗುರುತು. ಮರ ಕೊರೆಯುವ ಹುಳ ಒಳಗೆ ಅಂಕುಡೊಂಕಾಗಿ ತಿನ್ನುತ್ತಾ ಹೋಗಿ ಕೊನೆಗೆ ಹೊರಗೆ ಬರುತ್ತದೆ. ಹೊರಗೆ ನಮಗೆ ಕಾಣಬೇಕಾದ್ದು ಬರೀ ದುಂಡಗಿನ ತೂತು. ನನ್ನ ಪೆಟ್ಟಿಗೆಯ ಮೇಲೆ ಉದ್ದುದ್ದ ಕಾಲುವೆಗಳಿದ್ದವು, ಬಿದಿರನ್ನು ಸೀಳಿಟ್ಟ ಹಾಗೆ ಅರ್ಧ ತೆರೆದುಕೊಂಡಿದ್ದವು. ಹುಳ ತಿಂದ ಮೇಲೆ ಹಲಗೆಯನ್ನು ಕೊಯ್ದಿದ್ದಾರೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಮರ ನಿಜವಾಗಿಯೂ ಹಳೆಯದು. ಪೆಟ್ಟಿಗೆ ಹೊಸದು. ಇದನ್ನು ನೆನಪಿಡಿ, ಜಾಸ್ತಿ ಜನ ಎಡವುವುದು ಇಲ್ಲೇ. ರೇಡಿಯೋಕಾರ್ಬನ್ ಪರೀಕ್ಷೆ ಕೂಡ ಮರ ಯಾವಾಗ ಬೆಳೆಯಿತು ಅಂತ ಹೇಳುತ್ತದೆ. ಬಡಗಿ ಯಾವಾಗ ಉಳಿ ಹಿಡಿದ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಸವೆತವನ್ನು ನೋಡುವಾಗ ಒಂದು ಕೆಲಸ ಮಾಡಿ. ಆ ವಸ್ತುವನ್ನು ದಿನಾ ಬಳಸುತ್ತಿರುವ ಹಾಗೆ ಕೈ ಆಡಿಸಿ. ಡ್ರಾಯರ್ ಎಳೆಯಿರಿ. ಬೆರಳು ಎಲ್ಲಿ ತಾಗುತ್ತದೆ? ಉಗುರು ಎಲ್ಲಿ ಗೀರುತ್ತದೆ? ಡ್ರಾಯರ್‌ನ ಯಾವ ಅಂಚು ಹಲಗೆಯ ಮೇಲೆ ಉಜ್ಜುತ್ತದೆ? ಸವೆತ ಅಲ್ಲೇ ಇರಬೇಕು, ಬೇರೆ ಕಡೆ ಇರಬಾರದು. ನನ್ನ ಪೆಟ್ಟಿಗೆಯ ನಾಲ್ಕೂ ಮೂಲೆ ಒಂದೇ ಸಮ ಸವೆದಿದ್ದವು. ಗೋಡೆಗೆ ಆನಿಸಿಡುವ ಹಿಂದಿನ ಮೂಲೆ ಮುಂದಿನ ಮೂಲೆಯಷ್ಟೇ ಹೇಗೆ ಸವೆಯುತ್ತದೆ? ಅದು ಸ್ಯಾಂಡ್‌ಪೇಪರ್ ಕೆಲಸ. ಡ್ರಾಯರ್‌ಗಳು ಜಾರುವ ದಾರಿಯಲ್ಲಿ ಮಾತ್ರ ಒಂದು ಗೆರೆಯೂ ಬಿದ್ದಿರಲಿಲ್ಲ.

ಮರದ ವಿಷಯದಲ್ಲಿ ಇನ್ನೂ ಮೂರು ಗುರುತು ಹೇಳಿಬಿಡುತ್ತೇನೆ. ಮರ ನಾರಿನ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ನಾರಿಗೆ ಅಡ್ಡವಾಗಿ ಚೆನ್ನಾಗಿ ಕುಗ್ಗುತ್ತದೆ. ಹಾಗಾಗಿ ಹಳೇ ದುಂಡು ಮೇಜನ್ನು ಎರಡೂ ಕಡೆಯಿಂದ ಅಳೆದರೆ ಕೆಲವು ಮಿಲಿಮೀಟರ್ ವ್ಯತ್ಯಾಸ ಸಿಗಬೇಕು. ಸರಿಯಾಗಿ ದುಂಡಗಿದ್ದರೆ ಅನುಮಾನ ಪಡಿ. ಎರಡನೆಯದು ಗರಗಸದ ಗೆರೆ. ಕೈಗರಗಸದ ಗೆರೆ ನೇರವಾಗಿ, ಸ್ವಲ್ಪ ಏರುಪೇರಾಗಿ ಇರುತ್ತದೆ. ಯಂತ್ರದ ಚಕ್ರಗರಗಸ ಬಿಲ್ಲಿನ ಹಾಗೆ ಬಾಗಿದ ಗೆರೆ ಬಿಡುತ್ತದೆ. ಮೂರನೆಯದು ಸ್ಕ್ರೂ. ಚೂಪು ತುದಿಯ ಸ್ಕ್ರೂ ಬಳಕೆಗೆ ಬಂದದ್ದು 19ನೇ ಶತಮಾನದ ನಡುವಿನಲ್ಲಿ. ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗೀರಿರುವ ಸ್ಕ್ರೂ 1930ರ ದಶಕದ್ದು. ಆದರೆ ಒಂದು ಸ್ಕ್ರೂ ನೋಡಿ ತೀರ್ಪು ಕೊಡಬೇಡಿ. ಯಾರೋ ರಿಪೇರಿಗೆ ಹಾಕಿರಬಹುದು. ಎಲ್ಲ ಸ್ಕ್ರೂಗಳೂ ಹಾಗೇ ಇದ್ದು, ಅವುಗಳ ಸುತ್ತ ಹಳೇ ತೂತಿನ ಗುರುತೇ ಇಲ್ಲದಿದ್ದರೆ ಆಗ ಮಾತು ಬೇರೆ.

ಕೈಯಲ್ಲಿ ಇರಬೇಕಾದ ಸಾಮಾನು ಕಡಿಮೆಯೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚು, ಅಳತೆ ಪಟ್ಟಿ, ಅಯಸ್ಕಾಂತ, ಗ್ರಾಂ ತೋರಿಸುವ ತಕ್ಕಡಿ. ಟಾರ್ಚನ್ನು ನೇರ ಮೇಲಿಂದ ಹಿಡಿಯಬೇಡಿ. ವಸ್ತುವಿನ ಮೈಗೆ ತಾಗುವ ಹಾಗೆ ಪಕ್ಕದಿಂದ ಬೆಳಕು ಬಿಡಿ. ಸಂಜೆ ಬಿಸಿಲಲ್ಲಿ ಉತ್ತ ಹೊಲದ ಸಾಲು ಎದ್ದು ಕಾಣುವ ಹಾಗೆ ಉಳಿಯ ಗುರುತು, ಅರದ ಗೀರು, ಅಚ್ಚಿನ ಹೊಲಿಗೆ (ಅಚ್ಚಿನ ಭಾಗಗಳು ಸೇರುವ ಕಡೆ ಬೀಳುವ ಗೆರೆ) ಎಲ್ಲ ಎದ್ದು ಬರುತ್ತವೆ.

ಉಪಕರಣದ ಗುರುತು ಎಷ್ಟು ದೊಡ್ಡ ಸಾಕ್ಷಿ ಅನ್ನುವುದಕ್ಕೆ ಬ್ರಿಟಿಷ್ ಮ್ಯೂಸಿಯಂನ ಸ್ಫಟಿಕದ ತಲೆಬುರುಡೆ ಒಳ್ಳೇ ಉದಾಹರಣೆ. ತುಂಬಾ ಕಾಲ ಅದನ್ನು ಪ್ರಾಚೀನ ಮೆಕ್ಸಿಕೋದ್ದು ಅಂತ ನಂಬಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಲ್ಲುಗಳ ಗೆರೆಗಳಲ್ಲಿ ತಿರುಗುವ ಚಕ್ರದ ಗೀರು ಸಿಕ್ಕಿತು. ಯುರೋಪಿನವರು ಬರುವ ಮುಂಚೆ ಅಲ್ಲಿ ಅಂಥ ಚಕ್ರವೇ ಇರಲಿಲ್ಲ. ಆ ತಲೆಬುರುಡೆಯನ್ನು ಮಾಡಿದ್ದು 19ನೇ ಶತಮಾನದಲ್ಲಿ.

ಲೋಹ: ಅಳೆಯಿರಿ, ತೂಗಿರಿ, ಉಜ್ಜಬೇಡಿ

ಲೋಹದಲ್ಲಿ ನನಗೆ ತುಂಬಾ ನೆಚ್ಚಿನ ಪರೀಕ್ಷೆ ಅಳತೆಯದು. ಅಚ್ಚಿನ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಕರಗಿದ ಕಂಚು ತಣ್ಣಗಾಗುವಾಗ ನೂರಕ್ಕೆ ಸುಮಾರು ಒಂದೂವರೆಯಿಂದ ಎರಡು ಭಾಗ ಕುಗ್ಗುತ್ತದೆ. ಮೂಲ ಮೂರ್ತಿಯಿಂದಲೇ ಅಚ್ಚು ತೆಗೆದು ಕಂಚು ಎರೆದರೆ, 100 ಮಿಲಿಮೀಟರ್ ಇದ್ದದ್ದು 98ರ ಆಸುಪಾಸಿಗೆ ಇಳಿಯುತ್ತದೆ. ಮ್ಯೂಸಿಯಂ ಕ್ಯಾಟಲಾಗಿನಲ್ಲಿ ಮೂಲದ ಅಳತೆ ಇರುತ್ತದೆ. ನಿಮ್ಮ ಮುಂದಿರುವುದು ಎತ್ತರ, ಅಗಲ, ಬೆರಳಿನ ಉದ್ದ ಎಲ್ಲದರಲ್ಲೂ ಒಂದೇ ಪ್ರಮಾಣದಲ್ಲಿ ಚಿಕ್ಕದಿದ್ದರೆ, ಅದು ಅದೇ ಮೂಲದಿಂದ ಇಳಿದ ಎರಕ ಆಗಿರಬಹುದು. ಮೂಗು, ಕಿವಿ, ಒಡವೆಯ ಅಂಚುಗಳೂ ಸ್ವಲ್ಪ ಮೊಂಡಾಗಿರುತ್ತವೆ.

ನಾಣ್ಯವಾದರೆ ಅಂಚು ನೋಡಿ. ಅಚ್ಚೊತ್ತಿದ ನಾಣ್ಯಕ್ಕೆ ಹೊಲಿಗೆ ಇರುವುದಿಲ್ಲ. ಎರಕ ಹೊಯ್ದ ನಕಲಿಗೆ ಅಂಚಿನ ಸುತ್ತ ಸಣ್ಣ ಗೆರೆ ಇರುತ್ತದೆ, ಇಲ್ಲದಿದ್ದರೆ ಆ ಗೆರೆಯನ್ನು ಅರದಿಂದ ತಿಕ್ಕಿದ ಗುರುತು ಇರುತ್ತದೆ. ಭೂತಗನ್ನಡಿಯಲ್ಲಿ ಗುಳ್ಳೆ ಒಡೆದ ಸಣ್ಣ ಗುಂಡಿಗಳೂ ಕಾಣಬಹುದು. ಬೆಳ್ಳಿ ಅಂತ ಹೇಳಿದ್ದರೆ ನೀರಿನ ಪರೀಕ್ಷೆ ಮಾಡಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಲ್ಲಿ ಮುಳುಗಿಸಿ ಹಿಡಿಯಿರಿ. 50 ಗ್ರಾಂ ಶುದ್ಧ ಬೆಳ್ಳಿಗೆ ತಕ್ಕಡಿ ಸುಮಾರು 4.8 ಗ್ರಾಂ ತೋರಿಸುತ್ತದೆ. 50 ಗ್ರಾಂ ತಾಮ್ರಕ್ಕಾದರೆ ಸುಮಾರು 5.6. ಒಳಗೆ ಟೊಳ್ಳಿರುವ ವಸ್ತುವಿಗೆ, ಬಣ್ಣ ಅಥವಾ ಮರ ಸೇರಿರುವ ವಸ್ತುವಿಗೆ ಈ ಪರೀಕ್ಷೆ ಬೇಡ.

ಇನ್ನು ಕಿಲುಬು. ಕಂಚಿನ ಮೇಲೆ ತಾನಾಗಿ ಬೆಳೆದ ಕಿಲುಬು ಪದರ ಪದರವಾಗಿರುತ್ತದೆ. ಮೇಲೆ ಹಸಿರು, ಅದರ ಕೆಳಗೆ ಕೆಂಪು ಮಿಶ್ರಿತ ಕಂದು, ಅದರ ಕೆಳಗೆ ಲೋಹ. ಆಸಿಡ್ ಹಾಕಿ ತರಾತುರಿಯಲ್ಲಿ ಬರಿಸಿದ ಹಸಿರು ಲೋಹದ ಮೇಲೆ ಬರೀ ಅಂಗಿ ತೊಡಿಸಿದ ಹಾಗೆ ಕೂತಿರುತ್ತದೆ. ಕಣ್ಣಿಗೆ ಬೀಳದ ಜಾಗದಲ್ಲಿ ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿ ನೋಡಿ. ಹತ್ತಿ ಹಸಿರಾದರೆ ಅನುಮಾನಕ್ಕೆ ಕಾರಣ ಇದೆ. ಒಂದು ಮಾತ್ರ ಬೇಡಿಕೊಳ್ಳುತ್ತೇನೆ: ಪಳಪಳ ಹೊಳೆಯಲಿ ಅಂತ ತಿಕ್ಕಬೇಡಿ. ಒಂದು ಗಂಟೆಯಲ್ಲಿ ನೂರಾರು ವರ್ಷದ ಸಾಕ್ಷಿ ಚರಂಡಿ ಸೇರುತ್ತದೆ, ಮತ್ತೆ ಯಾರೂ ಅದನ್ನು ವಾಪಸು ತರಲಾರರು.

ಚಿತ್ರ, ಕಾಗದದ ಬಗ್ಗೆ ನನ್ನ ಅನುಭವ ಕಡಿಮೆ, ಎರಡೇ ಮಾತು. 1950ರ ಆಚೀಚೆಯಿಂದ ಕಾಗದಕ್ಕೆ ಬೆಳ್ಳಗಾಗಿಸುವ ರಾಸಾಯನಿಕ ಸೇರಿಸುವುದು ರೂಢಿಯಾಯಿತು. ಅಂಥ ಕಾಗದ ನೇರಳಾತೀತ ಟಾರ್ಚಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. 18ನೇ ಶತಮಾನದ ಪತ್ರ ಹಾಗೆ ಹೊಳೆದರೆ ಮುಂದೆ ಮಾತು ಬೇಕಿಲ್ಲ, ಅಲ್ವಾ? ಬಣ್ಣಗಳಿಗೂ ಹುಟ್ಟಿದ ಕಾಲ ಇದೆ. ಜರ್ಮನಿಯ ವೋಲ್ಫ್‌ಗ್ಯಾಂಗ್ ಬೆಲ್ಟ್ರಾಕಿ ನಕಲಿ ಚಿತ್ರ ಬರೆದು ವರ್ಷಗಟ್ಟಲೆ ಪರಿಣತರ ಕಣ್ಣು ತಪ್ಪಿಸಿದ್ದ. 1914ರದ್ದು ಅಂತ ಮಾರಿದ ಚಿತ್ರದಲ್ಲಿ ಟೈಟಾನಿಯಂ ಬಿಳಿ ಬಣ್ಣ ಸಿಕ್ಕಿತು. ಆ ಬಣ್ಣ ಆಗಿನ್ನೂ ಚಿತ್ರಕಾರರ ಕೈಗೆ ಬಂದಿರಲಿಲ್ಲ. 2011ರಲ್ಲಿ ಅವನಿಗೆ ಜೈಲಾಯಿತು.

ಕಾಗದಪತ್ರ ನಿಜ ಇರಬಹುದು, ವಸ್ತು ಬೇರೆ ಇರಬಹುದು

ಹಳೇ ರಸೀದಿ, ಹರಾಜಿನ ಕ್ಯಾಟಲಾಗ್ ತೋರಿಸಿದ ತಕ್ಷಣ ನಾವು ಮೆತ್ತಗಾಗುತ್ತೇವೆ. ಇಂಗ್ಲೆಂಡಿನ ಬೋಲ್ಟನ್ ಮ್ಯೂಸಿಯಂ 2003ರಲ್ಲಿ ಈಜಿಪ್ಟಿನ ರಾಜಕುಮಾರಿಯ ಮೂರ್ತಿ ಅಂತ ಒಂದನ್ನು ಕೊಂಡಿತು. ಜೊತೆಗೆ ಬಂದ 1892ರ ಹರಾಜು ಕ್ಯಾಟಲಾಗ್ ನಿಜವಾಗಿಯೂ 1892ರದ್ದೇ. ಅದರಲ್ಲಿ ಈಜಿಪ್ಟಿನ ಮೂರ್ತಿಗಳ ಬಗ್ಗೆ ಅಸ್ಪಷ್ಟವಾದ ಒಂದು ಸಾಲಿತ್ತು. ಶಾನ್ ಗ್ರೀನ್‌ಹಾಲ್ಗ್ ಆ ಸಾಲಿಗೆ ಹೊಂದುವ ಹಾಗೆ ಮೂರ್ತಿ ಕೆತ್ತಿದ್ದ. ಕೊನೆಗೆ ಅವನ ಮನೆಯವರು ಸಿಕ್ಕಿಬಿದ್ದದ್ದು ಇನ್ನೊಂದು ಕೆಲಸದಿಂದ. ಅಸ್ಸೀರಿಯಾದ ಕಲ್ಲು ಅಂತ ಬ್ರಿಟಿಷ್ ಮ್ಯೂಸಿಯಂಗೆ ತಂದದ್ದರ ಬರಹದಲ್ಲಿ ತಪ್ಪುಗಳಿದ್ದವು.

ಹಾಗಾಗಿ ಕಾಗದ ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಈ ಕಾಗದ ಇದೇ ವಸ್ತುವಿನ ಬಗ್ಗೆ ಹೇಳುತ್ತಿದೆಯಾ, ಇಂಥ ಯಾವುದೋ ವಸ್ತುವಿನ ಬಗ್ಗೆ ಹೇಳುತ್ತಿದೆಯಾ? ಅಳತೆ ಇದೆಯಾ? ಫೋಟೋ ಇದೆಯಾ? ಆ ಫೋಟೋದಲ್ಲಿರುವ ಬಿರುಕು ನಿಮ್ಮ ವಸ್ತುವಿನಲ್ಲೂ ಅದೇ ಜಾಗದಲ್ಲಿ ಇದೆಯಾ? ಕೈಯಿಂದ ಕೈಗೆ ಬಂದ ದಾರಿಯಲ್ಲಿ ಎಲ್ಲಿ ತುಂಡಾಗಿದೆ? ಇನ್ನೊಂದನ್ನೂ ಕೇಳಲೇಬೇಕು. ವಸ್ತು ಪಕ್ಕಾ ಅಸಲಿ ಇರಬಹುದು, ಆದರೆ ಕದ್ದದ್ದಾಗಿರಬಹುದು. ಕಳ್ಳಸಾಗಣೆ ತಡೆಯಲು ಯುನೆಸ್ಕೋ ಒಪ್ಪಂದ ಆದದ್ದು 1970ರಲ್ಲಿ. ಅದಕ್ಕೆ ಮುಂಚೆಯೇ ಊರು ಬಿಟ್ಟು ಬಂದದ್ದಕ್ಕೆ ಸಾಕ್ಷಿ ಇದೆಯಾ ಅಂತ ಒಳ್ಳೇ ಮ್ಯೂಸಿಯಂಗಳು ಇವತ್ತು ಕೇಳುತ್ತವೆ. ಅಸಲಿ ಅನ್ನುವ ಒಂದೇ ಕಾರಣಕ್ಕೆ ಕದ್ದ ವಸ್ತು ಮನೆಯೊಳಗೆ ಬರಬಾರದು. ಇದರಲ್ಲಿ ನನಗೆ ರಾಜಿ ಇಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಆಸೆಯ ಮೇಲೆ ಒಂದು ಕಣ್ಣಿಡಿ. 1937ರಲ್ಲಿ ಅಬ್ರಹಾಂ ಬ್ರೇಡಿಯಸ್ ಎಂಬ ದೊಡ್ಡ ಪರಿಣತರು ಒಂದು ಚಿತ್ರ ನೋಡಿ ಇದು 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನದ್ದೇ, ಅದೂ ಅವನ ಶ್ರೇಷ್ಠ ಕೃತಿ ಅಂದರು. ವರ್ಮೀರ್ ಇಂಥ ಧಾರ್ಮಿಕ ಚಿತ್ರಗಳನ್ನು ಬರೆದಿರಬೇಕು ಅಂತ ಅವರು ಬಹಳ ಕಾಲದಿಂದ ನಂಬಿದ್ದರು. ಹಾನ್ ವಾನ್ ಮೇಗರೆನ್ ಸರಿಯಾಗಿ ಅದನ್ನೇ ಬರೆದುಕೊಟ್ಟಿದ್ದ. ಬಣ್ಣ ಗಟ್ಟಿಯಾಗಲಿ ಅಂತ ಬೇಕಲೈಟ್ ಎಂಬ ಹಳೇ ಪ್ಲಾಸ್ಟಿಕ್ಕಿನಂಥ ರಾಳ ಬೆರೆಸಿ ಒಲೆಯಲ್ಲಿ ಬೇಯಿಸಿದ್ದ. 1945ರಲ್ಲಿ, ಯುದ್ಧ ಮುಗಿದ ಮೇಲೆ, ನಾಜಿ ನಾಯಕ ಗೋರಿಂಗ್‌ಗೆ ವರ್ಮೀರ್ ಚಿತ್ರ ಮಾರಿದ ಆರೋಪದಲ್ಲಿ ಸಿಕ್ಕಿಬಿದ್ದಾಗ ಅವನೇ ಬಾಯಿಬಿಟ್ಟ. ಬ್ರೇಡಿಯಸ್ ಅವರ ಅಷ್ಟು ನೋಡಿದ ಕಣ್ಣೇ ಸೋತಿತು. ನೀವು ಎಷ್ಟೋ ವರ್ಷದಿಂದ ಹುಡುಕುತ್ತಿದ್ದ ವಸ್ತು ತಾನಾಗಿ ಎದುರು ಬಂದು ನಿಂತರೆ, ಅವತ್ತು ಏನೂ ತೀರ್ಮಾನ ಮಾಡಬೇಡಿ. ಒಂದು ರಾತ್ರಿ ಮಲಗಿ ಎದ್ದು, ಇನ್ನೊಬ್ಬರನ್ನು ಕರೆದುಕೊಂಡು ಹೋಗಿ ನೋಡಿ.

ಮ್ಯೂಸಿಯಂನಲ್ಲಿ ಪ್ರತಿಕೃತಿಯ ಮುಂದೆ

ಇಲ್ಲಿ ನಾನು ನಿಧಾನವಾಗಿ ಮಾತಾಡಬೇಕು. ಆ ತಾಯಿ ಮಗನನ್ನು ಎಳೆದುಕೊಂಡು ಹೋದದ್ದು ಇಲ್ಲಿಂದಲೇ.

"ಪ್ರತಿಕೃತಿ" ಅಂತ ಲೇಬಲ್ ಕಂಡರೆ ಮುಂದಕ್ಕೆ ಹೋಗಬೇಡಿ. ಮೂರು ಪ್ರಶ್ನೆ ಕೇಳಿ. ಮೂಲ ಎಲ್ಲಿದೆ? ಈ ನಕಲು ಯಾಕೆ ಬೇಕಾಯಿತು? ಇದನ್ನು ಯಾವಾಗ ತೆಗೆದರು?

ಮೂರನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ, ಆದರೆ ಅದರಲ್ಲೇ ದೊಡ್ಡ ವಿಷಯ ಇದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಎರಕದ ಪ್ರತಿಕೃತಿಗಳದ್ದೇ ದೊಡ್ಡ ಅಂಗಳಗಳಿವೆ, 1873ರಲ್ಲಿ ತೆರೆದದ್ದು. ರೋಮಿನ ಟ್ರೇಜನ್ ಸ್ತಂಭದ ಪ್ಲಾಸ್ಟರ್ ನಕಲು ಅಲ್ಲಿ ಎರಡು ತುಂಡಾಗಿ ನಿಂತಿದೆ, ಒಂದೇ ಕಂಬವಾಗಿ ನಿಲ್ಲಿಸಲು ಸೂರಿನ ಎತ್ತರ ಸಾಲದು. ರೋಮಿನಲ್ಲಿರುವ ಮೂಲ ಆಮೇಲೆ ಹೊಗೆ, ಮಳೆಗೆ ಸವೆಯಿತು. ಪ್ಲಾಸ್ಟರಿನಲ್ಲಿ ಮಾತ್ರ ಆಗಿನ ವಿವರಗಳು ಹಾಗೇ ಉಳಿದಿವೆ. ಕೆಲವು ಕಡೆ ನಕಲಿನಲ್ಲಿ ಮೂಲಕ್ಕಿಂತ ಜಾಸ್ತಿ ಮೂಲ ಉಳಿದಿದೆ. ಅಚ್ಚು ತೆಗೆದವರ ಕೈಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಎರಡನೆಯ ಪ್ರಶ್ನೆಗೆ ಲಾಸ್ಕೋ ಗುಹೆ ಉತ್ತರ. ಫ್ರಾನ್ಸಿನ ಆ ಗುಹೆಚಿತ್ರಗಳು ಸಿಕ್ಕಿದ್ದು 1940ರಲ್ಲಿ. ನೋಡಲು ಬಂದ ಜನರ ಉಸಿರಿಗೇ ಗೋಡೆ ಹಾಳಾಗತೊಡಗಿ 1963ರಲ್ಲಿ ಮುಚ್ಚಿದರು. 1983ರಲ್ಲಿ ಒಂದು ಪ್ರತಿಕೃತಿ, 2016ರಲ್ಲಿ ಇನ್ನೂ ಪೂರ್ಣವಾದ ಇನ್ನೊಂದು ತೆರೆಯಿತು. ಅಲ್ಲಿ ನಕಲು ನೋಡುವವರೆಲ್ಲ ಮೂಲವನ್ನು ಉಳಿಸುತ್ತಿದ್ದಾರೆ. ಇಟಲಿಯ ಫ್ಲಾರೆನ್ಸಿನ ಚೌಕದಲ್ಲಿ ನಿಂತಿರುವ ಡೇವಿಡ್ ಮೂರ್ತಿ ಕೂಡ 1910ರಿಂದ ನಕಲೇ. ಮೈಕೆಲೇಂಜೆಲೊ ಕೆತ್ತಿದ್ದನ್ನು 1873ರಲ್ಲೇ ಒಳಗೆ ಸಾಗಿಸಿದರು.

ಮೊದಲ ಪ್ರಶ್ನೆಗೆ ವೆನಿಸ್ಸಿಗೆ ಹೋಗಬೇಕು. ಚಿತ್ರಕಾರ ವೆರೊನೀಸ್ ಒಂದು ಮಠದ ಊಟದ ಕೋಣೆಯ ಗೋಡೆಗೆ ಅಂತಲೇ ಬೈಬಲ್ಲಿನಲ್ಲಿ ಬರುವ ಕಾನಾ ಮದುವೆಯ ಭಾರಿ ಚಿತ್ರ ಬರೆದ. 1797ರಲ್ಲಿ ನೆಪೋಲಿಯನ್‌ನ ಸೇನೆ ಅದನ್ನು ಪ್ಯಾರಿಸ್ಸಿಗೆ ಹೊತ್ತೊಯ್ದಿತು. 2007ರಲ್ಲಿ ಅದರ ತದ್ರೂಪ ಹಳೇ ಗೋಡೆಗೆ ಬಂತು. ಈಗ ಅಸಲಿ ಚಿತ್ರ ಪರಊರಲ್ಲಿದೆ, ನಕಲು ಅಸಲಿ ಜಾಗದಲ್ಲಿದೆ. ಯಾವುದು ಹೆಚ್ಚು ನಿಜ? ನನಗೆ ಎರಡೂ ಬೇಕು.

ಕೆಲವು ಸಲ ಉತ್ತರವೇ ಸಿಗುವುದಿಲ್ಲ. ಅಮೆರಿಕದ ಗೆಟ್ಟಿ ಮ್ಯೂಸಿಯಂ 1985ರಲ್ಲಿ ಕೊಂಡ ಗ್ರೀಕ್ ಯುವಕನ ಅಮೃತಶಿಲೆ ಮೂರ್ತಿಗೆ "ಗ್ರೀಕ್, ಸುಮಾರು ಕ್ರಿ.ಪೂ. 530, ಅಥವಾ ಆಧುನಿಕ ನಕಲಿ" ಅಂತಲೇ ಲೇಬಲ್ ಹಾಕಿದ್ದರು. ನಾನು ಮೆಚ್ಚಿದ ಲೇಬಲ್‌ಗಳಲ್ಲಿ ಅದೊಂದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಗೋಡೆಯ ಮೇಲೆ ಬರೆಯಲು ಧೈರ್ಯ ಬೇಕು.

ರಿಪೇರಿ ಮಾಡಿದ ವಸ್ತುವನ್ನು ನೋಡುವಾಗ ಮೊದಲು ಆರು ಅಡಿ ದೂರ ನಿಲ್ಲಿ, ಆಮೇಲೆ ಆರು ಇಂಚು ಹತ್ತಿರ ಬನ್ನಿ. ದೂರದಿಂದ ಪೂರ್ತಿ ಕಾಣಬೇಕು, ಹತ್ತಿರದಿಂದ ಯಾವುದು ಹೊಸದಾಗಿ ತುಂಬಿದ್ದು ಅಂತ ಗೊತ್ತಾಗಬೇಕು. ಹಾಗಿದ್ದರೆ ಅದು ಪ್ರಾಮಾಣಿಕ ಕೆಲಸ.

ನೀವೇ ನಕಲು ಮಾಡುವುದಾದರೆ

ಗುರುತು ಹಾಕಿ. ಚೀಟಿ ಅಂಟಿಸಿದರೆ ಸಾಲದು, ಚೀಟಿ ಉದುರುತ್ತದೆ. ಪ್ಲಾಸ್ಟರ್ ಗಟ್ಟಿಯಾಗುವ ಮುಂಚೆ, ಬೆರಳಿಟ್ಟರೆ ಬೆಣ್ಣೆಯ ಹಾಗಿರುವಾಗ, ಬುಡದಲ್ಲಿ ವರ್ಷ ಮತ್ತು "ಪ್ರತಿಕೃತಿ" ಅನ್ನುವ ಪದವನ್ನು ಮೊಳೆಯಿಂದ ಆಳವಾಗಿ ಕೊರೆಯಿರಿ. ಆ ಹೊತ್ತು ಕೆಲವೇ ನಿಮಿಷ ಇರುತ್ತದೆ. ಪ್ಲಾಸ್ಟರ್ ಮುಟ್ಟಿದರೆ ಬೆಚ್ಚಗಾಗಲು ಶುರುವಾಗಿರುತ್ತದೆ, ಆಗ ಕೈ ಸಿದ್ಧವಾಗಿರಬೇಕು. ಮೂಲಕ್ಕೆ ಬಣ್ಣ ಇದ್ದರೆ ಮೈಗೆ ಬಣ್ಣ ಹಚ್ಚಿ, ಬುಡವನ್ನು ಬಿಳಿಯಾಗಿಯೇ ಬಿಡಿ. ಸುಳ್ಳು ಕೊಳೆ, ಸುಳ್ಳು ಬಿರುಕು ಸೇರಿಸಬೇಡಿ. ನನ್ನ ಗುರುಗಳು ನನಗೆ ಮೊದಲ ದಿನ ಕೊಟ್ಟದ್ದು ಅಚ್ಚಲ್ಲ, ಆ ಮೊಳೆ. ಇವತ್ತಿಗೂ ನನ್ನ ಹತ್ತಿರ ಇದೆ.

ನಿಮ್ಮದು ನಕಲಿ ಅಂತ ಗೊತ್ತಾದರೆ

ಎಸೆಯಬೇಡಿ. ಸುಮ್ಮನಿದ್ದು ಇನ್ನೊಬ್ಬರಿಗೆ ದಾಟಿಸಲಂತೂ ಬೇಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಎಟ್ರಸ್ಕನ್ (ರೋಮನ್ನರಿಗೂ ಮುಂಚಿನ ಇಟಲಿಯ ಜನ) ಯೋಧರು ಅಂತ ಭಾರಿ ಮಣ್ಣಿನ ಮೂರ್ತಿಗಳಿದ್ದವು. ಅವುಗಳ ಕಪ್ಪು ಮೆರುಗಿನಲ್ಲಿ ಎಟ್ರಸ್ಕನ್ನರು ಬಳಸದ ಮ್ಯಾಂಗನೀಸ್ ಸಿಕ್ಕಿತು. 1961ರಲ್ಲಿ ಆಲ್ಫ್ರೆಡೊ ಫಿಯೊರವಾಂಟಿ ಅವುಗಳನ್ನು ಮಾಡಿದವರಲ್ಲಿ ತಾನೂ ಒಬ್ಬ ಅಂತ ಒಪ್ಪಿಕೊಂಡ. ಒಂದು ಮೂರ್ತಿಗೆ ಹೆಬ್ಬೆರಳು ಇರಲಿಲ್ಲ. ಅದನ್ನು ಅವನು ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ, ತಂದು ಇಟ್ಟಾಗ ಸರಿಯಾಗಿ ಕೂತಿತು. ಮ್ಯೂಸಿಯಂ ತನ್ನ ತಪ್ಪನ್ನು ಎಲ್ಲರಿಗೂ ತಿಳಿಸಿತು.

ನನ್ನ ಪೆಟ್ಟಿಗೆ ಈಗಲೂ ಮನೆಯಲ್ಲಿದೆ. ಕೆಲಸ ಕಲಿಯಲು ಬಂದವರಿಗೆ ಅದನ್ನು ಕೈಗೆ ಕೊಟ್ಟು ಏನೂ ಹೇಳದೆ ಕೂರುತ್ತೇನೆ. ಹೆಚ್ಚಿನವರು ಮೊದಲು ಮೇಲಿನ ಹುಳದ ಗುರುತು ಸವರುತ್ತಾರೆ. ತಲೆಕೆಳಗು ಮಾಡಿದವರಿಗೆ ಬುಡದಲ್ಲಿ ಆ ಮೊಳೆಯಿಂದ ನಾನು ಕೊರೆದ ಅಕ್ಷರ ಸಿಗುತ್ತದೆ: "ಹಳೇ ಹಲಗೆ, ಹೊಸ ಪೆಟ್ಟಿಗೆ."